ಚೀಲದ ಜೊತೆ ಇನ್ನೇನು ಹೋಯಿತು?

ನಮ್ಮ ಅಕ್ಕನ ಡಿಸ್ಚಾರ್ಜ್ ಕಾರ್ಡು ಮೂರು ವರ್ಷ ಟ್ರಂಕಿನ ತಳದಲ್ಲಿ, ರೇಷನ್ ಕಾರ್ಡಿನ ಜೊತೆ ಒಂದೇ ಕ್ಯಾರಿಬ್ಯಾಗಿನಲ್ಲಿ ಬಿದ್ದಿತ್ತು. ಹೋದ ವರ್ಷ ವಿಜಯಪುರದ ಅವಳ ಮನೆಯಲ್ಲಿ ಬೇರೇನೋ ಹುಡುಕುವಾಗ ಕೈಗೆ ಸಿಕ್ಕಿತು. ಒಂದು ಸಾಲು ಇತ್ತು. ‘ಟಿಎಎಚ್ ವಿತ್ ಬಿಎಸ್‌ಒ’. ಅಕ್ಕನಿಗೆ ಗೊತ್ತಿಲ್ಲ, ಭಾವನಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಸಹಿ ಮಾತ್ರ ಭಾವನದೇ.

ನಮ್ಮ ಕಡೆ ಇದಕ್ಕೆಲ್ಲ ಒಂದೇ ಮಾತು: ‘ಚೀಲ ತೆಗೆಸಿದಾಳ’. ಗಡ್ಡೆ ಆಗಿತ್ತು, ತಿಂಗಳಿಗೆ ಹನ್ನೆರಡು ದಿನ ಮುಟ್ಟು ಹೋಗುತ್ತಿತ್ತು, 41ನೇ ವಯಸ್ಸಿಗೆ ಆಪರೇಷನ್ ಆಯಿತು. ಮಕ್ಕಳಾಗಿವೆ, ಇನ್ನೇನು ಬೇಕು ಅಂತ ಎಲ್ಲರೂ ಸುಮ್ನಾದೆವು. ಆದರೆ ಕಾರ್ಡಿನ ಮೊದಲ ಮೂರು ಅಕ್ಷರ ಮಾತ್ರ ಗರ್ಭಚೀಲದ್ದು, ಹೊಟ್ಟೆ ಕೊಯ್ದು ಪೂರ್ತಿ ತೆಗೆದದ್ದು. ಆ ‘ಬಿಎಸ್‌ಒ’ ಅಂದರೆ ಎರಡೂ ಕಡೆಯ ಅಂಡನಾಳ, ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ. ಬರೀ ಚೀಲ ಹೋದರೆ ಮುಟ್ಟು ನಿಲ್ಲುತ್ತದೆ, ಅಂಡಾಶಯ ತನ್ನ ಪಾಡಿಗೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಮಾಡುತ್ತಲೇ ಇರುತ್ತದೆ. ಅಂಡಾಶಯವೂ ಹೋದರೆ ಕೆಲವೇ ದಿನಗಳಲ್ಲಿ ಈಸ್ಟ್ರೋಜನ್ ದಬಕ್ಕನೆ ಇಳಿಯುತ್ತದೆ. ಬೇರೆಯವರಿಗೆ ವರ್ಷಗಟ್ಟಲೆ ಹಿಡಿದು ನಿಧಾನ ಆಗುವುದು ಇವಳಿಗೆ ವಾರದಲ್ಲಿ ಆಗಿದೆ, ಯಾರೂ ಹೇಳಿಲ್ಲ.

ಝಳ ಝಳ ಅಂತ ಒದ್ದಾಡುತ್ತಿದ್ದಳು. ಬೇಸಿಗೆಯಲ್ಲಿ ವಿಜಯಪುರದ ಬಿಸಿಲಿನ ಮೇಲೆ ಹಾಕಿದೆವು. ‘ಡಿಸೆಂಬರ್‌ನಾಗೂ ಫ್ಯಾನ್ ಹಚ್ಚಂತಾಳ್ರೀ ಈಕಿ’ ಅಂತ ಭಾವ ನಗುತ್ತಿದ್ದರು. ನಿದ್ದೆ ಇಲ್ಲ, ಕೀಲು ನೋವು, ಸಣ್ಣ ಮಾತಿಗೂ ಸಿಡುಕು. ನಾನು ಶಾಣ್ಯಾಕಿ, ಮಜ್ಜಿಗೆ ಕುಡಿ, ಪ್ರಾಣಾಯಾಮ ಮಾಡು ಅಂತ ಹೇಳಿ ಬಂದಿದ್ದೆ.

ಕಾರ್ಡು ಹಿಡಿದುಕೊಂಡು ಬೆಳಗಾವಿಯ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ‘ಹಾರ್ಮೋನ್’ ಅನ್ನುತ್ತಲೇ ಅಕ್ಕ ಎದ್ದು ನಿಂತಳು, ‘ಬ್ಯಾಡ್ರೀ, ಕ್ಯಾನ್ಸರ್ ಆಗತೈತಿ’ ಅಂತ. ಈ ಹೆದರಿಕೆಗೆ ಮೂಲ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು. ಅದರಲ್ಲಿ 16,608 ಹೆಂಗಸರಿದ್ದರು, ಸರಾಸರಿ ವಯಸ್ಸು 63. ಅವರೆಲ್ಲ ಗರ್ಭಚೀಲ ಇದ್ದವರು. ಅರ್ಧದಷ್ಟು ಜನರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಔಷಧಿ ಸೇರಿಸಿದ ಗುಳಿಗೆ ಕೊಟ್ಟಿದ್ದರು, ಉಳಿದವರಿಗೆ ಔಷಧಿ ಇಲ್ಲದ ಸುಮ್ನೆ ಗುಳಿಗೆ. ಔಷಧಿ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು 8 ಜಾಸ್ತಿ ಕಂಡಿತು. ಚೀಲ ತೆಗೆಸಿಕೊಂಡು ಬರೀ ಈಸ್ಟ್ರೋಜನ್ ತಗೊಂಡವರ ಇನ್ನೊಂದು ಗುಂಪನ್ನು 2004ರಲ್ಲಿ ನಿಲ್ಲಿಸಿದ್ದು ಪಾರ್ಶ್ವವಾಯು ಜಾಸ್ತಿ ಆಯಿತು ಅಂತ. ಅವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಆದರೆ ನಮ್ಮ ಓಣಿಯವರೆಗೂ ಬಂದದ್ದು ‘ಹಾರ್ಮೋನ್ ಅಂದರೆ ಕ್ಯಾನ್ಸರ್’ ಅನ್ನುವುದಷ್ಟೇ.

ಚೀಲ ಇದೆಯೋ ಇಲ್ಲವೋ ಅನ್ನುವ ಮೇಲೆಯೇ ಔಷಧಿ ಬದಲಾಗುತ್ತದೆ, ನೋಡಿ. ಚೀಲ ಇರುವವರಿಗೆ ಬರೀ ಈಸ್ಟ್ರೋಜನ್ ಕೊಟ್ಟರೆ ಒಳಪದರ ಬೆಳೆಯುತ್ತಾ ಹೋಗಿ ಅಲ್ಲಿಯೇ ಕ್ಯಾನ್ಸರ್ ಆಗಬಹುದು, ಅದು 1975ರಲ್ಲೇ ತಿಳಿದದ್ದು. ಅದಕ್ಕೇ ಆ ಬೆಳವಣಿಗೆ ತಡೆಯುವ ಪ್ರೊಜೆಸ್ಟರಾನ್, ಇಲ್ಲವೇ ಅದರಂಥದೇ ಪ್ರೊಜೆಸ್ಟಿನ್ ಜೊತೆಗೆ ಬೇಕು. ಚೀಲ ಇಲ್ಲದವರಿಗೆ ಸಾಮಾನ್ಯವಾಗಿ ಒಂಟಿ ಈಸ್ಟ್ರೋಜನ್ ಸಾಕು.

ಹೆಸರುಗಳದ್ದೇ ಒಂದು ಗೊಂದಲ. ಮೊದಲು ‘ಎಚ್‌ಆರ್‌ಟಿ’, ಹೋದದ್ದನ್ನು ತುಂಬಿಕೊಡುವ ಚಿಕಿತ್ಸೆ. ಈಗ ‘ಎಂಎಚ್‌ಟಿ’, ಮೆನೋಪಾಸ್ ಅಂದರೆ ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಚಿಕಿತ್ಸೆ ಅನ್ನುತ್ತಾರೆ. ವಯಸ್ಸಾಗಿ ತಾನಾಗಿ ನಿಂತದ್ದು ಕೊರತೆ ಅಲ್ಲ, ಅದನ್ನು ತುಂಬುವ ಮಾತೇಕೆ ಅಂತ. ಸರಿಯೇ. ಆದರೆ 41ಕ್ಕೆ ಕೊಯ್ದು ತೆಗೆದವಳಿಗೆ ಹಳೆ ಹೆಸರೇ ಸರಿ ಅಂತ ನನಗನಿಸುತ್ತದೆ. ಅವಳ ಮೈಯಲ್ಲಿ ಇನ್ನೂ ಕೆಲವು ವರ್ಷ ಇರಬೇಕಾದದ್ದನ್ನು ಕಿತ್ತುಕೊಂಡಿದ್ದಾರೆ, ಅದನ್ನೇ ವಾಪಸ್ ಕೊಡುತ್ತಿರುವುದು. ಹೆದರಿಸಿದ ಆ ಲೆಕ್ಕ 63ರ ಆಸುಪಾಸಿನವರದು. ಇವಳಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಬೇಕು, ಇಲ್ಲದಿದ್ದರೆ ಎಲುಬು, ಹೃದಯ ಎರಡಕ್ಕೂ ಪೆಟ್ಟು ಅಂದರು ಡಾಕ್ಟರಮ್ಮ. ಮೊದಲು ಎಲ್ಲ ಕೇಳಿದರು: ಸ್ತನ ಕ್ಯಾನ್ಸರ್ ಆಗಿತ್ತಾ, ರಕ್ತ ಹೆಪ್ಪುಗಟ್ಟಿತ್ತಾ, ಲಿವರ್ ಹೇಗಿದೆ. ಇವು ಇದ್ದವರಿಗೆ ಮಾತೇ ಬೇರೆ.

ಹಳೆ ಅಧ್ಯಯನದ ಗುಳಿಗೆಯಲ್ಲಿದ್ದ ಈಸ್ಟ್ರೋಜನ್ ಗಬ್ಬದ ಕುದುರೆಯ ಉಚ್ಚೆಯಿಂದ ತೆಗೆದದ್ದು ಅಂತ ಓದಿ ಹೇಳಿದೆ. ‘ಕುದುರಿ ಉಚ್ಚಿ ನುಂಗಂತೀಯೇನಲೇ?’ ಅಂದಳು. ಅವಳಿಗೆ ಬರೆದದ್ದು ಎಸ್ಟ್ರಡಯಾಲ್ ಜೆಲ್, ನಮ್ಮ ಅಂಡಾಶಯ ಮಾಡುವ ಅದೇ ವಸ್ತು. ಚರ್ಮದ ಮೂಲಕ ಹೋಗುವುದರಿಂದ ಗುಳಿಗೆಗಿಂತ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ.

ಈಗ ದಿನಾ ಸ್ನಾನ ಆದ ಮೇಲೆ ತೋಳಿಗೆ ಹಚ್ಚಿಕೊಂಡು, ಒಣಗುವ ತನಕ ಕೈ ಚಾಚಿ ಕಟ್ಟೆ ಮೇಲೆ ಕೂರುತ್ತಾಳೆ. ಮೊಮ್ಮಗ ಓಡಿ ಬಂದರೆ ‘ಏ, ಮುಟ್ಟಬ್ಯಾಡೋ’ ಅಂತ ಗದರಿಸುತ್ತಾಳೆ, ಮಕ್ಕಳ ಮೈಗೆ ತಾಗಬಾರದು. ಡಿಸೆಂಬರಿನಲ್ಲಿ ಈ ಸಲ ಕೌದಿ ಹೊದ್ದು ಮಲಗಿದಳಂತೆ.

ಮೊನ್ನೆ ಪಕ್ಕದ ಮನೆಯ ಕಾಕು, ನಂದೂ ಚೀಲ ತೆಗೆಸಿ ಎರಡು ವರ್ಷ ಆತು, ಮೈ ಬೆಂಕಿ ಆಗತೈತಿ ಅಂತ ಬಂದರು. ಅಕ್ಕ ನನಗಿಂತ ಮೊದಲೇ ಕೇಳಿದಳು, ‘ಅಂಡಾಶಯ ಅದಾವೋ ಇಲ್ಲೋ?’ ಕಾಕುಗೆ ಗೊತ್ತಿಲ್ಲ. ಕಾರ್ಡು ಮನೆ ಕಟ್ಟಿಸುವಾಗ ಕಳೆದಿದೆಯಂತೆ. ಆಪರೇಷನ್ ಆದ ಕಡೆ ಹೋಗಿ ದಾಖಲೆಯ ಪ್ರತಿ ಕೇಳಿ, ಸಿಗದಿದ್ದರೆ ಸ್ಕ್ಯಾನ್ ಮಾಡಿಸಿ ಡಾಕ್ಟರನ್ನೇ ಕೇಳಿ ಅಂದೆ. ಸೋಮವಾರ ನಾನೇ ಜೊತೆಗೆ ಹೋಗುತ್ತಿದ್ದೇನೆ.