ಹತ್ತನೆಯವನು ಬರುವ ತನಕ

ಗ್ರೂಪಿನಲ್ಲಿ ಮೆಸೇಜು ಬಂದಿತ್ತು. ‘ಶನಿವಾರ ರಾತ್ರಿ 9.30, ಶಾರ್ಪ್. ಮಾಫಿಯಾ ಆಟ. ಲೇಟಾದವರನ್ನು ಸೇರಿಸಿಕೊಳ್ಳೋದಿಲ್ಲ.’ ನಮ್ಮ ಗ್ರೂಪಿನಲ್ಲಿ ಶಾರ್ಪ್ ಅಂತ ಬರೆದಿದ್ದರೆ ಮುಕ್ಕಾಲು ಗಂಟೆ ಸೇರಿಸಿಕೊಂಡು ಓದಬೇಕು. ಗೊತ್ತಿದ್ದೂ ನಾನು 9.28ಕ್ಕೇ ಹೋಗಿ ಕೂತೆ. ವಿಡಿಯೋ ಕಾಲ್‌ನಲ್ಲಿ ಆಗಲೇ ನಾಲ್ಕು ಜನ ತಮ್ಮ ತಮ್ಮ ಮುಖವನ್ನೇ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚಿಕ್ಕವರಿದ್ದಾಗ ಚೀಟಿ ಎತ್ತಿ ರಾಜ-ರಾಣಿ-ಕಳ್ಳ-ಪೊಲೀಸ್ ಆಡಿದ್ದೀರಲ್ಲ, ಅದರ ದೊಡ್ಡಣ್ಣ ಇದು. 1986-87ರ ಹೊತ್ತಿಗೆ ಮಾಸ್ಕೋ ಯೂನಿವರ್ಸಿಟಿಯ ಸೈಕಾಲಜಿ ವಿಭಾಗದಲ್ಲಿದ್ದ ದಿಮಿತ್ರಿ ಡೇವಿಡಾಫ್ ಎಂಬಾತ ಹುಟ್ಟುಹಾಕಿದ್ದು. ಊರೊಳಗೆ ಒಂದಿಬ್ಬರು ಮಾಫಿಯಾ ಸೇರಿಕೊಂಡಿರುತ್ತಾರೆ. ಯಾರು ಅಂತ ಅವರಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ರಾತ್ರಿ ಎಲ್ಲರೂ ಕಣ್ಣು ಮುಚ್ಚಿದಾಗ ಅವರು ಒಬ್ಬರನ್ನು ಮುಗಿಸುತ್ತಾರೆ. ಬೆಳಗಾದ ಮೇಲೆ ಊರಿನವರು ಕಿತ್ತಾಡಿ, ವೋಟು ಹಾಕಿ, ಅನುಮಾನ ಬಂದವರನ್ನು ಊರಾಚೆ ಅಟ್ಟುತ್ತಾರೆ. 1997ರಲ್ಲಿ ಅಮೆರಿಕದ ಆಂಡ್ರೂ ಪ್ಲಾಟ್‌ಕಿನ್ ಮಾಫಿಯಾದ ಜಾಗಕ್ಕೆ ತೋಳವನ್ನು ತಂದು ಕೂರಿಸಿದರು. 2018ರಲ್ಲಿ ಬಂದ ‘ಅಮಾಂಗ್ ಅಸ್’ ಇದೇ ಕಳ್ಳಾಟವನ್ನು ಅಂತರಿಕ್ಷ ನೌಕೆಗೆ ಹತ್ತಿಸಿತು. ಎರಡು ವರ್ಷ ಅದನ್ನು ಹೆಚ್ಚು ಜನ ಮೂಸಿಯೂ ನೋಡಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಇಡೀ ಲೋಕಕ್ಕೇ ಅದು ಬೇಕಾಯಿತು. ನಮ್ಮ ಗುಂಪು ಹುಟ್ಟಿದ್ದೂ ಅದೇ ಲಾಕ್‌ಡೌನ್‌ನಲ್ಲಿ. ಮಾಸ್ಕ್ ಹೋಯಿತು, ಗುಂಪು ಹಾಗೇ ಉಳಿಯಿತು.

ನಮ್ಮಲ್ಲಿ ಆಟ ನಡೆಸುವವನು ರಘು. ಅವನನ್ನು ‘ಗಾಡ್’ ಅಂತ ಕರೆಯಬೇಕು. ರಾಜಾಜಿನಗರದ ಎರಡನೇ ಮಹಡಿಯಲ್ಲಿ ಬನಿಯನ್ ಹಾಕಿಕೊಂಡು ಕೂರುವ ದೇವರು. ಹತ್ತು ಜನ ಆಗದೆ ಆಟ ಶುರು ಮಾಡೋದಿಲ್ಲ ಅನ್ನುವುದು ಅವನ ಹಟ. ಇಬ್ಬರು ಮಾಫಿಯಾ, ಒಬ್ಬ ಡಾಕ್ಟರ್, ಒಬ್ಬ ಪೊಲೀಸ್, ಆರು ಜನ ಊರಿನವರು. ಒಂಬತ್ತಾದರೆ ಬ್ಯಾಲೆನ್ಸ್ ಹೋಗುತ್ತಂತೆ. ಒಂಬತ್ತು ಜನ ಬಂದಾಗಿತ್ತು. ಹತ್ತನೆಯವನು ಗಿರೀಶ. ಶಿರಸಿ ಕಡೆ ಅಜ್ಜನ ಮನೆಗೆ ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ.

ಹಾಗಾಗಿ ಕಾಯಬೇಕು. ಕಾಯುವಾಗ ಏನಾದರೂ ಮಾತಾಡಬೇಕಲ್ಲ. ರಾಜಕೀಯ ಮಾತಾಡಿ ಹಿಂದೆ ಇಬ್ಬರು ಗ್ರೂಪು ಬಿಟ್ಟು ಹೋಗಿದ್ದಾರೆ. ಕ್ರಿಕೆಟ್ ತೆಗೆದರೆ ಸೌಮ್ಯಕ್ಕ ಮ್ಯೂಟ್ ಮಾಡಿಕೊಂಡು ಬೀನ್ಸ್ ಬಿಡಿಸಲು ಕೂರುತ್ತಾರೆ. ಉಳಿದದ್ದು ಪುಸ್ತಕ. ಪುಸ್ತಕದ ಬಗ್ಗೆ ನಮ್ಮಲ್ಲಿ ಇವತ್ತಿನವರೆಗೆ ಒಂದೇ ಒಂದು ಜಗಳ ಆಗಿಲ್ಲ. ಜಗಳ ಆಡೋದಕ್ಕೆ ಇಬ್ಬರಾದರೂ ಓದಿರಬೇಕು.

“ಮತ್ತೆ, ಯಾರ್ಯಾರು ಏನೇನು ಓದ್ತಾ ಇದ್ದೀರಿ?” ಅಂತ ಪ್ರಸಾದ್ ಶುರು ಮಾಡಿದ. ಅವನು ನ್ಯೂಜೆರ್ಸಿಯಲ್ಲಿರುವುದು, ಅಲ್ಲಿ ಆಗ ಮಧ್ಯಾಹ್ನ. ನಾವೆಲ್ಲ ಮನೆಯ ಅವಸ್ಥೆ ಕಾಣಬಾರದು ಅಂತ ಹಿನ್ನೆಲೆ ಮಸುಕು ಮಾಡಿಕೊಂಡಿರುತ್ತೇವೆ. ಪ್ರಸಾದ್ ಮಾತ್ರ ಯಾವತ್ತೂ ಮಸುಕು ಮಾಡಿಲ್ಲ. ಅವನ ಬೆನ್ನ ಹಿಂದೆ ನೆಲದಿಂದ ಸೂರಿನ ತನಕ ಪುಸ್ತಕ. ಬಣ್ಣದ ಪ್ರಕಾರ ಜೋಡಿಸಿದ್ದಾನೆ. ಒಮ್ಮೆ ಕೊರಿಯರ್‌ನವನು ಬೆಲ್ ಮಾಡಿದಾಗ ಪ್ರಸಾದ್ ಎದ್ದು ಹೋದ. ಆಗ ಅವನ ತಲೆ ಅಡ್ಡ ಇಲ್ಲದೆ ಸರಿಯಾಗಿ ಕಾಣಿಸಿತು. ಕೆಳಗಿನ ಎರಡು ಸಾಲಿಗೆ ಇನ್ನೂ ಪ್ಲಾಸ್ಟಿಕ್ ಹಾಳೆ ಬಿಚ್ಚಿಲ್ಲ.

“ನಾನು ಸುಮ್ನೆ ಹಳೇದನ್ನೇ ರೀ-ರೀಡ್ ಮಾಡ್ತಾ ಇದ್ದೀನಿ” ಅಂದಳು ಅನಿತಾ, ದುಬೈಯಿಂದ. ನಮ್ಮ ಗುಂಪಿನಲ್ಲಿ ಯಾರೂ ಯಾವ ಪುಸ್ತಕವನ್ನೂ ಮೊದಲನೇ ಸಲ ಓದೋದಿಲ್ಲ. ಎಲ್ಲರದೂ ಮರುಓದು. ಮೊದಲನೇ ಓದು ಯಾವಾಗ ಆಯಿತು ಅಂತ ಕೇಳುವುದು ಸಂಬಳ ಕೇಳಿದ ಹಾಗೆ, ಮರ್ಯಾದೆಯಲ್ಲ. ಅನಿತಾಳ ಸ್ಟೇಟಸ್ಸಿನಲ್ಲಿ ವಾರಕ್ಕೊಂದು ಫೋಟೋ ಬರುತ್ತದೆ. ಪುಸ್ತಕ, ಪಕ್ಕದಲ್ಲಿ ಹಬೆಯಾಡುವ ಕಾಫಿ, ಪುಸ್ತಕದ ಮೇಲೆ ಕನ್ನಡಕ. ಅವಳಿಗೆ ಕನ್ನಡಕ ಇಲ್ಲ. ಅತ್ತೆಯದು. ಅದು ಫೋಟೋದಲ್ಲಿರುವಷ್ಟು ಹೊತ್ತು ಪಾಪ ಅತ್ತೆ ಏನು ಮಾಡುತ್ತಾರೋ.

ಕಿರಣನದು ಬೇರೆ ದಾರಿ. ಅವನಿಗೆ ಲೆಕ್ಕ ಮುಖ್ಯ. ಗುಡ್‌ರೀಡ್ಸ್‌ನಲ್ಲಿ ವರ್ಷಕ್ಕೆ 52 ಪುಸ್ತಕ ಅಂತ ಗುರಿ ಹಾಕಿಕೊಂಡಿದ್ದಾನೆ. ಟ್ರೆಡ್‌ಮಿಲ್ ಮೇಲೆ ಓಡುತ್ತಾ ಆಡಿಯೋ ಬುಕ್ಕನ್ನು ದುಪ್ಪಟ್ಟು ಸ್ಪೀಡಿನಲ್ಲಿ ಕೇಳುತ್ತಾನೆ. ಎರಡೂ ಒಟ್ಟಿಗೆ ನಡೆಯುವುದರಿಂದ ಎಷ್ಟೋ ಕಾದಂಬರಿಗಳು ಅವನಿಗೆ ಕಿಲೋಮೀಟರ್‌ನಲ್ಲಿ ನೆನಪಿವೆ. “ಅದಾ? ಚೆನ್ನಾಗಿದೆ. ಹೀರೋಯಿನ್ ಸಾಯೋದು ನಾಲ್ಕನೇ ಕಿಲೋಮೀಟರಿಗೆ” ಅನ್ನುತ್ತಾನೆ. ಲೆಕ್ಕ ಕಡಿಮೆ ಬಿದ್ದಾಗ ಮಗಳಿಗೆ ಮಲಗಿಸುವಾಗ ಓದಿದ ಪುಸ್ತಕಗಳನ್ನೂ ಸೇರಿಸುತ್ತಾನೆ. ಹದಿನಾರು ಪುಟದ ಪುಸ್ತಕ, ಅದರಲ್ಲಿ ಹದಿನಾಲ್ಕು ಪುಟ ಆನೆ. ಐದು ಸ್ಟಾರ್ ಕೊಟ್ಟು ‘ಬಿಗಿಯಾದ ನಿರೂಪಣೆ’ ಅಂತ ಬರೆದಿದ್ದ.

ಇವರೆಲ್ಲರನ್ನೂ ಮೀರಿಸಿದವನು ಮಂಜು. ಪುಸ್ತಕ ಕೊಳ್ಳುವುದೂ ಇಲ್ಲ, ಫೋಟೋ ತೆಗೆಯುವುದೂ ಇಲ್ಲ. ಚಾಟ್‌ಜಿಪಿಟಿಗೆ ಹೇಳುತ್ತಾನೆ, ‘ಐದು ಪಾಯಿಂಟಿನಲ್ಲಿ ಕೊಡು’ ಅಂತ. ಒಂದು ಸಲ ಅದು ಎಡವಟ್ಟು ಮಾಡಿ, ಕಾದಂಬರಿಯಲ್ಲಿ ಇಲ್ಲದ ಒಬ್ಬ ಚಿಕ್ಕಪ್ಪನನ್ನು ಸೃಷ್ಟಿಸಿ ಕೊಟ್ಟಿತ್ತು. ಆ ಚಿಕ್ಕಪ್ಪನಿಗೆ ಲೇಖಕರು ಅನ್ಯಾಯ ಮಾಡಿದ್ದಾರೆ ಅಂತ ಮಂಜು ಇಪ್ಪತ್ತು ನಿಮಿಷ ವಾದ ಮಾಡಿದ. ನಾವೆಲ್ಲ ತಲೆ ಆಡಿಸಿದೆವು. ಹೌದು, ಚಿಕ್ಕಪ್ಪನ ಪಾತ್ರ ಇನ್ನಷ್ಟು ಬೆಳೆಯಬೇಕಿತ್ತು ಅಂತ ಅನಿತಾನೂ ಹೇಳಿದಳು. ಅವಳು ಅದನ್ನು ಎರಡು ಸಲ ರೀ-ರೀಡ್ ಮಾಡಿದ್ದಳು.

ಆವತ್ತು ಮಾತು ಬೂಕರ್ ಕಡೆ ತಿರುಗಿತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮ ಗ್ರೂಪಿನಲ್ಲಿ ಹಬ್ಬವೇ ಆಗಿತ್ತು. ಹಬ್ಬ ಆಗಬೇಕಾದದ್ದೇ. ಕನ್ನಡದಿಂದ ಹೋದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೂ ಪ್ರಶಸ್ತಿಯಲ್ಲಿ ಸಮಪಾಲು. ಬೆಳಗ್ಗೆ ಏಳಕ್ಕೆಲ್ಲ ಒಂಬತ್ತು ಜನ ಡಿಪಿ ಬದಲಾಯಿಸಿದ್ದರು.

“ಮೊನ್ನೆ ಮುಗಿಸಿದೆ” ಅಂದ ಪ್ರಸಾದ್. “ಕಾಡುತ್ತೆ. ಆದರೆ ಕಾದಂಬರಿಯ ಮೊದಲರ್ಧ ಸ್ವಲ್ಪ ಎಳೆದ ಹಾಗೆ ಅನ್ನಿಸ್ತು.”

ಅದು ಕಾದಂಬರಿಯಲ್ಲ. ಹನ್ನೆರಡು ಕಥೆಗಳ ಸಂಕಲನ. ಸಣ್ಣಕತೆಗಳ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಕೂಡ ಅದೇ ಮೊದಲು ಅಂತ ಎಲ್ಲ ಪೇಪರಿನಲ್ಲೂ ಬಂದಿತ್ತು. ಮಾಫಿಯಾ ಆಟದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅವನ ಹೆಣ ಎತ್ತಿರುತ್ತಿದ್ದೆವು. ಇಲ್ಲಿ ಎಂಟೂ ತಲೆ ಹೌದು ಹೌದು ಅಂತ ಆಡಿದವು. “ಎರಡನೇ ಅರ್ಧ ಮಾತ್ರ ಸೂಪರ್” ಅಂದ ಪುಣೆಯ ಹುಡುಗ, ಕ್ಯಾಮೆರಾ ಆಫ್ ಮಾಡಿಕೊಂಡೇ.

ಆಗ ಮಂಜು ಕೇಳಿದ, “ಇದು ಕನ್ನಡಕ್ಕೆ ಯಾವಾಗ ಅನುವಾದ ಆಗುತ್ತಂತೆ?”

ಐದು ಸೆಕೆಂಡು ಯಾರೂ ಉಸಿರೆತ್ತಲಿಲ್ಲ. ಹುಬ್ಬಳ್ಳಿಯಿಂದ ಒಂದೇ ಸೋಫಾದಲ್ಲಿ ಕೂತು ಎರಡು ಫೋನಿನಲ್ಲಿ ಬಂದಿದ್ದ ಗಂಡ-ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅನಿತಾ ಸಮಾಧಾನ ಹೇಳಿದಳು. “ಮಾಡ್ತಾ ಇರಬಹುದು ಬಿಡು. ಒಳ್ಳೆ ಅನುವಾದಕರು ಸಿಗಬೇಕಲ್ಲ.”

ನಾನು ನಗಬೇಕಿತ್ತು. ನಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನ್ನ ಸರದಿ ಬಂತು. ನನಗೆ ಒಂದು ಕೆಟ್ಟ ಚಟ ಇದೆ. ಎಲ್ಲಿ ಪುಸ್ತಕದ ಮಾತು ಬಂದರೂ ‘ಮಲೆಗಳಲ್ಲಿ ಮದುಮಗಳು’ ಅನ್ನುತ್ತೇನೆ. 1967ರಲ್ಲಿ ಬಂದ ಕಾದಂಬರಿ, ಕುವೆಂಪು ಬರೆದದ್ದು, ಯಾರೂ ಎದುರು ಮಾತಾಡೋದಿಲ್ಲ. ಅದರಲ್ಲಿ ಕತೆ ಶುರುವಾಗುವ ಮುಂಚೆ ಬರುವ ಮಾತು ನನಗೆ ಬಾಯಿಪಾಠ. ಅದನ್ನು ಕಣ್ಣು ಅರ್ಧ ಮುಚ್ಚಿ ಹೇಳಿದರೆ ಮುಂದಿನ ಪುಟಗಳನ್ನೆಲ್ಲ ಕುಡಿದು ಬಂದವನ ಹಾಗೆ ಕಾಣುತ್ತೇನೆ. ಆವತ್ತೂ ಹೇಳಿದೆ. “ಎರಡು ಸಲ ಓದಿದ್ದೀನಿ” ಅಂತಲೂ ಸೇರಿಸಿದೆ. ಆ ಎರಡು ಸಲ ಅನ್ನುವುದು ಬೇಡವಾಗಿತ್ತು.

ಸೌಮ್ಯಕ್ಕ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿದರು. ಮೈಸೂರಿನಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. “ಹೌದೇನೋ? ಹಾಗಾದ್ರೆ ಹೇಳು, ಗುತ್ತಿಯ ನಾಯಿ ಹೆಸರೇನು?”

ನಾಯಿ. ನಾಯಿ ಇದೆ ಅನ್ನುವುದು ಗೊತ್ತಿತ್ತು. ಆ ಕಾದಂಬರಿಯನ್ನೇ ರಾತ್ರಿಯಿಡೀ ಆಡುವ ನಾಟಕಕ್ಕೆ ಹೋಗಿದ್ದೆ, ನಾಯಿ ಬರುವ ಹೊತ್ತಿಗೆ ನನಗೆ ಜೊಂಪು ಹತ್ತಿತ್ತು. ಈಗ ಒಂದೇ ದಾರಿ. ಬಾಯಿ ಅರ್ಧ ತೆರೆದು, ಒಂದು ಕೈ ಮೇಲೆತ್ತಿ, ರೆಪ್ಪೆ ಹೊಡೆಯದೆ ಹಾಗೇ ಕಲ್ಲಾದೆ. “ಅಯ್ಯೋ, ಇವನ ನೆಟ್‌ವರ್ಕ್ ಹೋಯ್ತು” ಅಂದ ರಘು. ದೇವರೇ ನಂಬಿದ ಮೇಲೆ ಇನ್ನೇನು. ಎತ್ತಿದ ಕೈ ಅಲ್ಲೇ ಇತ್ತು, ಮೇಜಿನ ಕೆಳಗೆ ಇನ್ನೊಂದು ಕೈ ಫೋನಿನಲ್ಲಿ ಹುಡುಕುತ್ತಿತ್ತು. ಒಂದು ಸೊಳ್ಳೆ ಬಂದು ಮೂಗಿನ ಮೇಲೆ ಕೂತಿತು. ಕೂರಲಿ ಅಂತ ಬಿಟ್ಟೆ.

“ಹಲೋ, ಹಲೋ, ಕೇಳಿಸ್ತಿದೆಯಾ? ಹುಲಿಯ! ಅಷ್ಟೂ ಗೊತ್ತಿಲ್ವಾ ಸೌಮ್ಯಕ್ಕ?”

“ಹುಲಿಯಾನಾ?” ಅಂದರು ಸೌಮ್ಯಕ್ಕ. ಪಕ್ಕದಲ್ಲಿ ಏನೋ ಬರೆದುಕೊಂಡರು. “ಒಳ್ಳೇದಾಯ್ತು ಕಣೋ. ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ನಾಳೆ ಕ್ವಿಜ್ ಇಟ್ಟಿದ್ದಾರೆ, ಪ್ರಶ್ನೆ ನಾನೇ ತೆಗೀಬೇಕು. ಇದಕ್ಕೆ ಉತ್ತರ ಸಿಕ್ಕಿರಲಿಲ್ಲ.”

ನನಗೆ ಡೇವಿಡಾಫ್ ನೆನಪಾದ. ಗೊತ್ತಿರುವ ಕೆಲವರು, ಗೊತ್ತಿಲ್ಲದ ಹಲವರು, ಇವರಿಬ್ಬರ ನಡುವೆ ಆಟ ಅಂತ ಅವನು ಲೆಕ್ಕ ಹಾಕಿದ್ದ. ನಮ್ಮ ಕಾಯುವ ಆಟಕ್ಕೆ ಆ ಲೆಕ್ಕ ಹೊಂದೋದಿಲ್ಲ. ಇಲ್ಲಿ ಒಂಬತ್ತಕ್ಕೆ ಒಂಬತ್ತೂ ಮಾಫಿಯಾ, ಪ್ರತಿಯೊಬ್ಬರಿಗೂ ತಾನೊಬ್ಬನೇ ಮಾಫಿಯಾ ಅನ್ನುವ ಭಯ. ಊರೇ ಇಲ್ಲ. ಐದು ವರ್ಷದಿಂದ ಒಬ್ಬರೂ ಔಟಾಗಿಲ್ಲ.

10.20ಕ್ಕೆ ಗಿರೀಶ ಬಂದ. ಮುಖದ ಮೇಲೆ ಟಾರ್ಚು ಬೆಳಕು, ಹಿಂದೆ ಮಳೆ ಸದ್ದು.

“ಸಾರಿ ಮಾರಾಯ್ರೆ. ಕರೆಂಟಿಲ್ಲ. ಪುಸ್ತಕ ಓದ್ತಾ ಕೂತಿದ್ದೆ, ಟೈಮ್ ಗೊತ್ತೇ ಆಗ್ಲಿಲ್ಲ.”

ಯಾರೂ ಮಾತಾಡಲಿಲ್ಲ. ರಘು ಲಗುಬಗೆಯಿಂದ ಒಬ್ಬೊಬ್ಬರಿಗೂ ಚೀಟಿ ಕಳಿಸಿದ. ಊರು ಮಲಗಿತು, ಎದ್ದಿತು. ಕಿರಣ ಸತ್ತಿದ್ದ. ಟ್ರೆಡ್‌ಮಿಲ್ ಸದ್ದು ತಡೆಯಲಾರದೆ ಕೊಂದಿದ್ದಾರೆ ಅಂತ ಹುಬ್ಬಳ್ಳಿಯವರು ಅಂದರು. ಆದರೆ ಎಲ್ಲರ ಕಣ್ಣೂ ಗಿರೀಶನ ಮೇಲಿತ್ತು.

“ಯಾವ ಪುಸ್ತಕ ಓದ್ತಿದ್ದೆ?” ಪ್ರಸಾದ್ ಕೇಳಿದ.

“ಹೆಸರು ಗೊತ್ತಿಲ್ಲ. ಅಟ್ಟದಲ್ಲಿ ಸಿಕ್ತು. ರಟ್ಟು ಹೋಗಿದೆ, ಮೊದಲ ಹದಿನಾಲ್ಕು ಪುಟ ಗೆದ್ದಲು ತಿಂದಿದೆ.”

“ಬರೆದೋರು?”

“ಗೊತ್ತಿಲ್ಲ. ಆದ್ರೆ ಕೇಳಿ. ಒಬ್ಬ ಮುದುಕ ಬಾವಿ ತೋಡಿಸ್ತಾನೆ. ನೀರು ಬರೋದಿಲ್ಲ. ಆದ್ರೂ ದಿನಾ ಬೆಳಗ್ಗೆ ಎದ್ದು ಬಾವಿಕಟ್ಟೆ ತೊಳೀತಾನೆ. ಊರವ್ರು ನಗ್ತಾರೆ. ಅವನ ಸೊಸೆ ಇದ್ದಾಳಲ್ಲ, ಅವಳು ರಾತ್ರಿ ಯಾರಿಗೂ ಕಾಣದ ಹಾಗೆ ಹೊಳೆಯಿಂದ ಕೊಡ ಹೊತ್ತು ತಂದು…” ಗಿರೀಶ ನಿಲ್ಲಿಸಿದ. ಗಂಟಲು ಸರಿಮಾಡಿಕೊಂಡ. “ಬೇಡ ಬಿಡಿ. ನೀವೇ ಓದಿ.”

“ಯಾವುದಾದ್ರೂ ಪ್ರಶಸ್ತಿ ಬಂದಿದೆಯಾ ಅದಕ್ಕೆ?” ಅನಿತಾ ವಿಚಾರಿಸಿದಳು.

“ಸೊಸೆ, ಬಾವಿ ಅಂತ ಹಾಕಿ ನೋಡಿದೆ” ಅಂದ ಮಂಜು. “ಅಂಥ ಪುಸ್ತಕವೇ ಇಲ್ಲ.”

ಅಷ್ಟು ಸಾಕಾಯಿತು. ಹೆಸರು ಗೊತ್ತಿಲ್ಲದೆ ಪುಸ್ತಕ ಓದುವುದು ಹೇಗೆ ಸಾಧ್ಯ ಅಂತ ಪುಣೆಯ ಹುಡುಗ ಕೂಡ ಜೋರು ಮಾಡಿದ. ಪುಸ್ತಕ ಅಂದರೆ ಮೊದಲು ಹೆಸರು ಗೊತ್ತಿರಬೇಕು, ಆಮೇಲೆ ಮುಖಪುಟ, ಆಮೇಲೆ ಯಾರು ಹೊಗಳಿದ್ದಾರೆ ಅನ್ನುವುದು. ಒಳಗಿನದು ಎಲ್ಲಕ್ಕಿಂತ ಕೊನೆಗೆ. ಇವನು ತಲೆಕೆಳಗಾಗಿ ಬರುತ್ತಿದ್ದಾನೆ ಅಂದರೆ ಏನೋ ಮುಚ್ಚಿಡುತ್ತಿದ್ದಾನೆ. ವೋಟು ಬಿತ್ತು. ಎಂಟಕ್ಕೆ ಎಂಟು. ನಮ್ಮ ಗುಂಪಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಮ್ಮತ.

“ಗಿರೀಶ ಊರಿನವನಾಗಿದ್ದ” ಅಂತ ಗಾಡ್ ಘೋಷಿಸಿದ.

ನಾನು ಮುಖದಲ್ಲಿ ಆಶ್ಚರ್ಯ ತಂದುಕೊಂಡೆ. ಆ ರಾತ್ರಿ ನನ್ನ ಚೀಟಿಯಲ್ಲಿ ಮಾಫಿಯಾ ಅಂತಿತ್ತು.

ಗಿರೀಶನಿಗೆ ಬೇಜಾರಾದ ಹಾಗೆ ಕಾಣಲಿಲ್ಲ. “ಒಳ್ಳೇದೇ ಆಯ್ತು. ಇನ್ನು ನಲವತ್ತು ಪುಟ ಇದೆ. ಟಾರ್ಚಿನ ಚಾರ್ಜು ಮುಗಿಯೋದ್ರೊಳಗೆ ಮುಗಿಸ್ತೀನಿ” ಅಂದು ಹೋದ.

ಮುಂದಿನ ಶನಿವಾರ 9.30, ಶಾರ್ಪ್. ಒಂಬತ್ತು ಜನ ಬಂದಿದ್ದೆವು. ಪ್ರಸಾದನ ಹಿಂದಿನ ಕಪಾಟಿನಲ್ಲಿ, ಹಳದಿ ಪುಸ್ತಕಗಳಿಗೂ ಕೇಸರಿ ಪುಸ್ತಕಗಳಿಗೂ ನಡುವೆ, ರಟ್ಟಿಲ್ಲದ ಒಂದು ಹಳೇ ಪುಸ್ತಕ ನಿಂತಿತ್ತು.

“ಈ ವಾರ ಏನೂ ಹೊಸದು ಹಿಡೀಲಿಲ್ಲ” ಅಂದ. “ಸುಮ್ನೆ ಆ ಬಾವಿಯ ಕಾದಂಬರೀನೇ ರೀ-ರೀಡ್ ಮಾಡ್ದೆ.”

“ಅದಾ? ಕಾಡುತ್ತೆ” ಅಂದಳು ಅನಿತಾ.

“ಮೊದಲರ್ಧ ಸ್ವಲ್ಪ ಎಳೆದಿದ್ದಾರೆ” ಅಂದೆ ನಾನು.

ಗಿರೀಶ ಇನ್ನೂ ಬಂದಿರಲಿಲ್ಲ.