ಬೆಂದ ಗಾರೆಯ ಹಜಾರ

"ಇದ್ಯಾಕವ್ವ ಇಂಗೇ ಬುಟ್ಟವ್ರೆ? ಕಾಸಿಲ್ವಾ ಇವ್ರತ್ರ?"

ಮಿಲಾನಿನ ಅರಮನೆಯೊಳಗೆ ನಿಂತು ಅಪ್ಪ ಕೇಳಿದ ಮಾತು. ಹೋದ ವರ್ಷ ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದೆ. ಅಪ್ಪ ಗಾರೆ ಮೇಸ್ತ್ರಿ. ಮಂಡ್ಯ ಸೀಮೆಯಲ್ಲಿ ಎಷ್ಟೋ ಗುಡಿಗಳ ಗೋಪುರಕ್ಕೆ ಗಾರೆ ಗೊಂಬೆ ಮಾಡಿದವರು. ಊರಿನ ದೊಡ್ಡ ಚರ್ಚು ದ್ವೊಮೊ ತೋರಿಸಿದೆ, "ಕಲ್ ಕೆಲ್ಸ ಚೆಂದಾಗದೆ" ಅಂದರು, ಅಷ್ಟೇ. ಅದರ ಪಕ್ಕದಲ್ಲೇ ಇರುವ ಪಲಾತ್ಸೊ ರೆಯಾಲೆ ಅರಮನೆಯಲ್ಲಿ ಒಂದು ಪ್ರದರ್ಶನದ ಟಿಕೆಟ್ ತಗೊಂಡು ಒಳಗೆ ಕರೆದುಕೊಂಡು ಹೋದ ಮೇಲೆ ಮಾತ್ರ ಅವರ ಕಾಲು ಮುಂದಕ್ಕೆ ಹೋಗಲಿಲ್ಲ.

ಆ ಕೋಣೆಗೆ 'ಸಾಲಾ ದೆಲ್ಲೆ ಕರಿಯಾತಿದಿ' ಅಂತ ಹೆಸರು. ಗೋಡೆಯುದ್ದಕ್ಕೂ ಸಾಲಾಗಿ ನಿಂತ 40 ಹೆಣ್ಣುಗೊಂಬೆಗಳು. ಕಂಬದ ಜಾಗದಲ್ಲಿ ನಿಂತು ಮೇಲಿನ ಭಾರ ಹೊರುವ ಇಂಥ ಹೆಣ್ಣಿನ ಶಿಲ್ಪಗಳಿಗೆ ಕರಿಯಾತಿದಿ ಅನ್ನುತ್ತಾರೆ. ಮಾಡಿದವನು ಪಾರ್ಮಾ ಊರಿನ ಗಯೆತಾನೊ ಕಲ್ಲಾನಿ. ಒಂದು ಕಾಲಕ್ಕೆ ಇದು ಕನ್ನಡಿ, ಗಿಲೀಟು, ದೀಪಗಳಿಂದ ಝಗಝಗಿಸುತ್ತಿದ್ದ ನೃತ್ಯದ ಹಜಾರ. ಈಗ ಒಬ್ಬಳಿಗೆ ಮೂಗಿಲ್ಲ, ಇನ್ನೊಬ್ಬಳ ಮುಖವೇ ಸವೆದು ಹೋಗಿದೆ, ಮತ್ತೊಬ್ಬಳ ತೋಳು ಅರ್ಧಕ್ಕೇ ಮುರಿದಿದೆ. ಸೀರೆಯ ನೆರಿಗೆಯಂತೆ ಇಳಿಬಿದ್ದ ಬಟ್ಟೆಯ ಮಡಿಕೆ ಒಂದು ಕಡೆ ನಿನ್ನೆ ಮಾಡಿದಷ್ಟು ಚೂಪಾಗಿದೆ, ಗೇಣು ದೂರದಲ್ಲಿ ಹಪ್ಪಳದ ಥರ ಎದ್ದು ಉದುರಿದೆ. ಅಪ್ಪ ಕೈ ಚಾಚಿದರು, ಆಮೇಲೆ ತಾವೇ ಹಿಂದಕ್ಕೆ ತಗೊಂಡರು. "ಬೆಂದೋಗದೆ" ಅಂದರು. ಯಾರೂ ಅವರಿಗೆ ಬೆಂಕಿಯ ವಿಷಯ ಹೇಳಿರಲಿಲ್ಲ. ಈ ಗೊಂಬೆಗಳ ಗಾರೆಯಲ್ಲಿರುವ ಜಿಪ್ಸಮ್‌ನ ಹರಳಿನೊಳಗೆ ನೀರು ಸೇರಿಕೊಂಡಿರುತ್ತದೆ, ಉರಿಗೆ ಆ ನೀರು ಹಾರಿಹೋದರೆ ಗಟ್ಟಿಯಾದದ್ದು ಹಿಟ್ಟಾಗುತ್ತದೆ. ಐವತ್ತು ವರ್ಷ ಕರಣೆ ಹಿಡಿದವರಿಗೆ ಅದು ಕಣ್ಣಿಗೇ ಗೊತ್ತಾಗುತ್ತದೆ.

1943ರ ಆಗಸ್ಟ್ 15ರ ರಾತ್ರಿ ಬ್ರಿಟಿಷ್ ವಿಮಾನಗಳು ಮಿಲಾನ್ ಮೇಲೆ ಬೆಂಕಿಬಾಂಬು ಸುರಿದವು. ಅರಮನೆಯ ಚಾವಣಿಯ ಮರಕ್ಕೆ ಬೆಂಕಿ ಹತ್ತಿತು, ತೊಲೆಗಳು ಉರಿಯುತ್ತಲೇ ಈ ಹಜಾರದೊಳಕ್ಕೆ ಕುಸಿದವು. ಚಿತ್ರಕಾರ ಹಯೆತ್ಸ್ ಚಾವಣಿಯಲ್ಲಿ ಬರೆದಿದ್ದ ದೊಡ್ಡ ಚಿತ್ರ ಪೂರ್ತಿ ಹೋಯಿತು. ಅದೇ ರಾತ್ರಿ, ಇಲ್ಲಿಂದ ಐದು ನಿಮಿಷ ನಡೆದರೆ ಸಿಗುವ ಸ್ಕಾಲಾ ರಂಗಮಂದಿರದ ಮಾಡೂ ಬಿತ್ತು. ಎರಡನ್ನೂ ಕಟ್ಟಿದವನು ಒಬ್ಬನೇ, ಜುಸೆಪ್ಪೆ ಪಿಯೆರ್ಮರೀನಿ. ಒಂದೇ ಕೈಯ ಕೆಲಸ, ಒಂದೇ ರಾತ್ರಿಯ ಬೆಂಕಿ. ಆಮೇಲೆ ಊರು ಮಾತ್ರ ಎರಡಕ್ಕೂ ಬೇರೆಬೇರೆ ದಾರಿ ಹಿಡಿಯಿತು. ಆ ಎರಡು ದಾರಿಯ ಬಗ್ಗೆಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಪಿಯೆರ್ಮರೀನಿಯ ಬಗ್ಗೆ ಸ್ವಲ್ಪ. 1734ರಲ್ಲಿ ಫೊಲಿಞೊ ಎಂಬ ಊರಲ್ಲಿ ಹುಟ್ಟಿದವನು. ಗುರು ವಾನ್ವಿತೆಲ್ಲಿ, ನೇಪಲ್ಸ್ ಹತ್ತಿರದ ಕಸೆರ್ತಾ ಅರಮನೆ ಕಟ್ಟಿದವನು. ಆಗ ಮಿಲಾನ್ ಇರುವ ಲೊಂಬಾರ್ದಿಯಾ ಸೀಮೆ ಆಸ್ಟ್ರಿಯಾದ ಕೈಯಲ್ಲಿತ್ತು, ಮರಿಯಾ ತೆರೇಸಾ ರಾಣಿ. ಮಿಲಾನಿನ ಅರಮನೆಗೆ ವಾನ್ವಿತೆಲ್ಲಿ ಹಾಕಿಕೊಟ್ಟ ನಕ್ಷೆ ದುಬಾರಿಯಾಯಿತು ಅಂತ ವಿಯೆನ್ನಾ ಒಪ್ಪಲಿಲ್ಲ, ಕೆಲಸ ಶಿಷ್ಯನ ಪಾಲಿಗೆ ಬಂತು. ಹುಡುಗ ಹಳೇ ಕಟ್ಟಡವನ್ನೇ ಇಟ್ಟುಕೊಂಡ. ದ್ವೊಮೊ ಕಡೆಗಿದ್ದ ಒಂದು ಪಕ್ಕವನ್ನು ಕೆಡವಿ ಅರಮನೆಯ ಮುಂದೆ ಅಂಗಳ ಬಿಡಿಸಿದ. ಗೋಡೆಗೆ ಅಂಟುಗಂಬ, ಕಿಟಕಿಯ ಮೇಲೊಂದು ಪಟ್ಟಿ, ಅದರಾಚೆಗೆ ಹೆಚ್ಚೇನಿಲ್ಲ. ಹಳೇ ರೋಮ್, ಗ್ರೀಸ್‌ಗಳ ಲೆಕ್ಕಾಚಾರಕ್ಕೆ ಮರಳಿದ ಈ ನಿಯೋಕ್ಲಾಸಿಕಲ್ ಶೈಲಿಯನ್ನು 'ತಣ್ಣಗಿದೆ, ಜೀವವಿಲ್ಲ, ನಕಲು' ಅಂತ ತಳ್ಳಿಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಒಪ್ಪಲ್ಲ. ಇರುವ ದುಡ್ಡಲ್ಲಿ, ಇರುವ ಗೋಡೆಯಲ್ಲಿ, ಅಳತೆಯೊಂದನ್ನೇ ನಂಬಿ ಗಾಂಭೀರ್ಯ ತರುವುದು ಸುಲಭದ ಕೆಲಸ ಅಲ್ಲ. ಅಲಂಕಾರ ತೆಗೆದುಬಿಟ್ಟರೆ ತಪ್ಪು ಮುಚ್ಚಿಕೊಳ್ಳೋಕೆ ಜಾಗವೇ ಇರುವುದಿಲ್ಲ.

ಸ್ಕಾಲಾದ ಕಥೆ ಕೇಳಿ. ಅರಮನೆಯೊಳಗೇ ಇದ್ದ ಹಳೇ ರಂಗಮಂದಿರ 1776ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಕರಿಯಾತಿದಿ ಹಜಾರ ಎದ್ದಿದ್ದು ಆ ಬೂದಿಯ ಜಾಗದಲ್ಲೇ. ಊರಿಗೆ ಬೇರೆ ರಂಗಮಂದಿರ ಬೇಕಾಯಿತು. ಹಳೇ ರಂಗಮಂದಿರದಲ್ಲಿ ಬಾಕ್ಸ್‌ಗಳನ್ನು, ಅಂದರೆ ತಮ್ಮದೇ ಆಸನದ ಗೂಡುಗಳನ್ನು, ಇಟ್ಟುಕೊಂಡಿದ್ದ ಶ್ರೀಮಂತ ಮನೆತನಗಳು ದುಡ್ಡು ಹಾಕಿದವು, ಸಾಂತಾ ಮರಿಯಾ ಅಲ್ಲಾ ಸ್ಕಾಲಾ ಎಂಬ ಚರ್ಚಿನ ಜಾಗ ಸಿಕ್ಕಿತು, ಹೆಸರು ಅಲ್ಲಿಂದಲೇ ಬಂತು. 1778ರ ಆಗಸ್ಟ್ 3ರಂದು ಸಂಗೀತಗಾರ ಸಾಲಿಯೇರಿಯ ಒಪೆರಾದಿಂದ ಬಾಗಿಲು ತೆರೆಯಿತು. ನೋಡೋಕೆ ಬಂದವರೆಲ್ಲ "ಇಷ್ಟೇನಾ ಸ್ಕಾಲಾ?" ಅಂತ ಪೆಚ್ಚಾಗುತ್ತಾರೆ. ಆದರೆ ಪಿಯೆರ್ಮರೀನಿ ಕಟ್ಟುವಾಗ ಎದುರಿಗೆ ಚೌಕವೇ ಇರಲಿಲ್ಲ, ಇದ್ದಿದ್ದು ಬೀದಿ. ಆ ಬೀದಿಯಲ್ಲಿ ನಡೆದು ಬರುವವನಿಗೆ ಓರೆಯಾಗಿ ಕಾಣುವಂತೆ, ಸಾರೋಟಿನಿಂದ ಇಳಿಯುವವರು ನೆನೆಯದಂತೆ ಮುಂದಕ್ಕೆ ಚಾಚಿದ ಮೊಗಸಾಲೆ ಇಟ್ಟು ಕಟ್ಟಿದ. ಎದುರಿನ ಮನೆಗಳನ್ನು ಕೆಡವಿ ಚೌಕ ಮಾಡಿದ್ದು 1858ರ ಹೊತ್ತಿಗೆ. ಅವನು ಎಣಿಸದೇ ಇದ್ದ ದೂರದಿಂದ ನಾವು ನೋಡಿ, ಸಣ್ಣದು ಅನ್ನುತ್ತಿದ್ದೇವೆ.

ಯುದ್ಧ ಮುಗಿದ ಮೇಲೆ ಸ್ಕಾಲಾವನ್ನು ಹೇಗಿತ್ತೋ ಹಾಗೇ ಕಟ್ಟಿದರು. 1946ರ ಮೇ 11ರಂದು, ಊರಿನ ಎಷ್ಟೋ ಮನೆಗಳು ಇನ್ನೂ ಬಿದ್ದೇ ಇದ್ದಾಗ, ವಾದ್ಯವೃಂದ ನಡೆಸುವ ತೊಸ್ಕಾನೀನಿ ಅಲ್ಲಿ ಕಛೇರಿ ನಡೆಸಿದ. ಫ್ಯಾಸಿಸ್ಟರ ಹಾಡು ನುಡಿಸಲ್ಲ ಅಂದಿದ್ದಕ್ಕೆ 1931ರಲ್ಲಿ ಬೊಲೋಞಾದಲ್ಲಿ ಏಟು ತಿಂದು ದೇಶ ಬಿಟ್ಟು ಹೋಗಿದ್ದವನು, ಅವತ್ತು ವಾಪಸ್ ಬಂದು ಆ ವೇದಿಕೆ ಹತ್ತಿದ. ಅದನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಹಜಾರವನ್ನು ಮಾತ್ರ ಹಾಗೆ ಕಟ್ಟಲಿಲ್ಲ. ಮಳೆ ಬೀಳದಂತೆ ಮೇಲೆ ಬೋಳು ಚಾವಣಿ ಹಾಕಿದರು, ಗೊಂಬೆಗಳನ್ನು ಸುಟ್ಟ ಮುಖದಲ್ಲೇ ಬಿಟ್ಟರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನ ಜೊತೆ ವಾದಕ್ಕೇ ಇಳಿದರು. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ, ಗೋಪುರದ ಗೊಂಬೆ ಮುಕ್ಕಾದರೆ ಹೊಸದಾಗಿ ಮಾಡಿ ಬಣ್ಣ ಬಳಿದು ಕುಂಭಾಭಿಷೇಕ ಮಾಡುತ್ತೇವೆ, ಮುರಿದದ್ದನ್ನು ಹಾಗೇ ಬಿಟ್ಟರೆ ಕಟ್ಟಿದವನಿಗೆ ಅವಮಾನ, ಇದು ಅವರ ಮಾತು. "ನಂಗೆ ಬುಟ್ರೆ ಆರ್ ತಿಂಗ್ಳಲ್ಲಿ ಎಲ್ಲಾರ್ಗೂ ಮೂಗು ಮಾಡ್ಕೊಡ್ತೀನಿ" ಅಂದರು. ಮಾಡಿಯೂ ಕೊಡುತ್ತಿದ್ದರು, ಆ ಬಗ್ಗೆ ನನಗೆ ಅನುಮಾನವಿಲ್ಲ.

ನಾನು ಹೇಳಿದ್ದು ಇಷ್ಟು. ಅಪ್ಪ, ನೀವು ಹೇಳುವ ನ್ಯಾಯ ಸ್ಕಾಲಾಕ್ಕೆ ಸರಿ. ಪೂಜೆ ನಡೆಯುವ ಜಾಗ ಅದು. ದಿನಾ ಹಾಡು ಬೇಕು, ಜನ ಕೂರಬೇಕು, ಅದಕ್ಕೇ ಮುಕ್ಕಾದದ್ದನ್ನು ಸರಿಮಾಡಿ ದೀಪ ಹಚ್ಚಿದರು. ಹಜಾರದಲ್ಲಿ ಯಾವ ಪೂಜೆ ನಡೆಯಬೇಕು? ಆಸ್ಟ್ರಿಯಾ ಆಳುತ್ತಿದ್ದ ಹಬ್ಸ್‌ಬರ್ಗ್ ಮನೆತನದ ರಾಜಕುಮಾರ ಕುಣಿಯಬೇಕಿದ್ದ ಜಾಗ ಅದು. ನೆಪೋಲಿಯನ್ 1805ರಲ್ಲಿ ಪಕ್ಕದ ದ್ವೊಮೊದಲ್ಲಿ ಕಿರೀಟ ಇಟ್ಟುಕೊಂಡ, ಹೋದ. ಆಸ್ಟ್ರಿಯಾದವರು ಮತ್ತೆ ಬಂದರು, ಹೋದರು. ಆಮೇಲೆ ಇಟಲಿ ಆಳಿದ ಸವೋಯಾ ದೊರೆಗಳೂ ಹೋದರು. 40 ಮುಖಗಳನ್ನು ಹೊಸದಾಗಿ ಮಾಡಿ ಗಿಲೀಟು ಬಳಿದರೆ ಯಾರ ಉತ್ಸವಕ್ಕೆ?

1953ರಲ್ಲಿ ಪಿಕಾಸೋನ ಗೆರ್ನಿಕಾ ಚಿತ್ರವನ್ನು ಇದೇ ಹಜಾರದಲ್ಲಿ ತೂಗುಹಾಕಿದ್ದರು. ಗೆರ್ನಿಕಾ ಸ್ಪೇನಿನ ಪುಟ್ಟ ಊರು. 1937ರಲ್ಲಿ ಅದರ ಮೇಲೆ ಬಾಂಬು ಹಾಕಿದ ವಿಮಾನಗಳಲ್ಲಿ ಜರ್ಮನಿಯವಷ್ಟೇ ಅಲ್ಲ, ಇಟಲಿಯವೂ ಇದ್ದವು. ಅಂದರೆ ಮಿಲಾನಿನ ಜನ ತಮ್ಮ ಮೇಲೆ ಬಿದ್ದ ಬೆಂಕಿಯ ಗುರುತುಗಳ ನಡುವೆ ನಿಂತು, ತಮ್ಮ ದೇಶ ಇನ್ನೊಬ್ಬರ ಮೇಲೆ ಹಾಕಿದ ಬೆಂಕಿಯನ್ನು ನೋಡಿದರು. ಹೊಸ ಗಿಲೀಟಿನ ಗೋಡೆಗಳ ನಡುವೆ ಆ ಚಿತ್ರ ಒಂದು ದೊಡ್ಡ ಚಿತ್ರವಾಗಿ ಮಾತ್ರ ಇರುತ್ತಿತ್ತು.

ಇನ್ನೊಂದು ವಿಷಯ ಇದಕ್ಕೇ ಸೇರಿದ್ದು. ಸೆಂಪಿಯೋನೆ ಪಾರ್ಕಿನ ಆಚೆ ತುದಿಯಲ್ಲಿ ಆರ್ಕೊ ದೆಲ್ಲಾ ಪಾಚೆ, ಶಾಂತಿಯ ಕಮಾನು, ಇದೆ. ಲುಯಿಜಿ ಕಞೋಲಾ 1807ರಲ್ಲಿ ನೆಪೋಲಿಯನ್‌ನ ಗೆಲುವಿಗೆ ಅಂತ ಶುರುಮಾಡಿದ. ನೆಪೋಲಿಯನ್ ಬಿದ್ದ, ಕೆಲಸ ನಿಂತಿತು. ಆಸ್ಟ್ರಿಯಾದ ಚಕ್ರವರ್ತಿ ಅದನ್ನೇ ಶಾಂತಿಯ ಹೆಸರಲ್ಲಿ ಮುಂದುವರಿಸಿದ, 1838ರಲ್ಲಿ ಮುಗಿಯಿತು, ಅಷ್ಟರಲ್ಲಿ ಕಞೋಲಾ ತೀರಿಕೊಂಡಿದ್ದ. 1859ರಲ್ಲಿ ಫ್ರಾನ್ಸಿನ ಮೂರನೇ ನೆಪೋಲಿಯನ್ ಮತ್ತು ಸವೋಯಾ ದೊರೆ ವಿತ್ತೋರಿಯೊ ಇಮಾನುಯೆಲೆ ಗೆದ್ದು ಬಂದರು, ಕಮಾನಿನ ಮೇಲಿನ ಬರಹ ಮತ್ತೆ ಬದಲಾಯಿತು, ಈ ಸಲ ಇಟಲಿಯ ಸ್ವಾತಂತ್ರ್ಯಕ್ಕೆ. ಕಮಾನು ಚೆಂದವಾಗಿದೆ, ಬೇಸಗೆಯ ಸಂಜೆ ನಾವೆಲ್ಲ ಅದರ ಬುಡದಲ್ಲೇ ಕೂರುವುದು. ಆದರೆ ಅದರ ಮೈಮೇಲೆ ಯಾವ ಗಾಯವನ್ನೂ ಉಳಿಸಿಲ್ಲ, ಗೆದ್ದವರು ಒರೆಸಿ ಒರೆಸಿ ಬರೆದಿದ್ದಾರೆ. ಮೊನ್ಸಾದಲ್ಲಿ ಪಿಯೆರ್ಮರೀನಿ ಮೂರೇ ವರ್ಷದಲ್ಲಿ ಕಟ್ಟಿದ ಬೇಸಗೆ ಅರಮನೆಗೂ, ಕೋಮೊ ಸರೋವರದ ದಡದ ವಿಲ್ಲಾ ಓಲ್ಮೊಗೂ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಎರಡೂ ಒಪ್ಪವಾಗಿವೆ. ಅಪ್ಪ ಅಲ್ಲೆಲ್ಲ ತಲೆದೂಗಿದರು, ಮಾತು ಮಾತ್ರ ತಿರುಗಿ ಹಜಾರಕ್ಕೇ ಬರುತ್ತಿತ್ತು.

ಈಗಲೂ ಅಲ್ಲಿಗೆ ಹೋದಾಗಲೆಲ್ಲ ಪಕ್ಕದಲ್ಲಿ ಯಾರಾದರೂ ಅಪ್ಪನ ಪ್ರಶ್ನೆಯನ್ನೇ ಬೇರೆ ಬೇರೆ ಭಾಷೆಯಲ್ಲಿ ಕೇಳುತ್ತಿರುತ್ತಾರೆ. ಅದನ್ನು ಪೂರ್ತಿ ಸರಿಮಾಡಬೇಕು ಅನ್ನುವವರ ಆಸೆ ನನಗೆ ಅರ್ಥವಾಗುತ್ತದೆ, ನಾನು ಅಂಥವರ ಮಗಳೇ. ಆದರೂ ಬೇಡ. ಇರುವುದು ಇನ್ನಷ್ಟು ಉದುರದಂತೆ ನೋಡಿಕೊಳ್ಳಿ, ಧೂಳು ತೆಗೆಯಿರಿ, ಬಿರುಕು ಬಿಡದಂತೆ ಹಿಡಿದಿಡಿ, ಮೂಗು ಮಾತ್ರ ಮಾಡಬೇಡಿ.

ಅಪ್ಪ ಊರಿಗೆ ಹೋಗಿ ತಿಂಗಳುಗಳೇ ಆದವು. ಭಾನುವಾರ ಫೋನ್ ಮಾಡಿದಾಗ ಮಳೆ, ಗದ್ದೆ, ಅಮ್ಮನ ಮಂಡಿನೋವು ಎಲ್ಲ ಆದ ಮೇಲೆ ಕೇಳಿದರು: "ಬಾಗ್ಲತ್ರ ಇರೋ ಗೊಂಬೆ ಮೊಣಕೈ ತಾವ ಒಂದ್ ಸೀಳಿತ್ತಲ್ವ, ಅದು ದೊಡ್ದಾಗದಾ ನೋಡ್ಕಬಾ. ಮುಟ್ಟಕೋಗ್ಬೇಡಿ ಅನ್ನು. ಸುಮ್ನೆ ನೋಡ್ಕಳಕೇಳು."