ಸಾಕಾಗಿರುವುದು ಸೂಪರ್‌ಹೀರೋ ಅಲ್ಲ

'ಪ್ರೇಕ್ಷಕರಿಗೆ ಸೂಪರ್‌ಹೀರೋಗಳೇ ಸಾಕಾಗಿದ್ದಾರೆ' ಅನ್ನೋ ಲೇಖನವೊಂದರ ಮಾತು ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ 'ದಿ ಮಾರ್ವೆಲ್ಸ್' ಅನ್ನೋ ಸೂಪರ್‌ಹೀರೋ ಸಿನಿಮಾ ಮಕಾಡೆ ಮಲಗಿತು, ನಿಜ. ಮರುವರ್ಷವೇ 'ಡೆಡ್‌ಪೂಲ್ ಆಂಡ್ ವುಲ್ವರೀನ್' ನೂರು ಕೋಟಿ ಡಾಲರ್ ದಾಟಿತಲ್ಲ, ಆ ಟಿಕೆಟ್ ಕೊಂಡವರು ಯಾರು? ನಮಗೆ ಬೇಸರ ತರಿಸಿರುವುದು ಎಷ್ಟೇ ಏಟು ಬಿದ್ದರೂ ಯಾರಿಗೂ ನೋವಾಗದ ಹೊಡೆದಾಟ.

2004ರ 'ಸ್ಪೈಡರ್‌ಮ್ಯಾನ್ 2'ರ ರೈಲಿನ ದೃಶ್ಯ ನೆನಪಿಸಿಕೊಳ್ಳಿ. ಸ್ಪೈಡರ್‌ಮ್ಯಾನ್‌ಗೆ ಮುಖವಾಡವಿಲ್ಲ. ಓಡುತ್ತಿರುವ ರೈಲನ್ನು ನಿಲ್ಲಿಸಲು ಎರಡೂ ಕೈಯಲ್ಲಿ ಬಲೆ ಹಿಡಿದು, ರೈಲಿನ ಮುಂದೆ ಬೆನ್ನು ಕೊಟ್ಟು ನಿಂತಿದ್ದಾನೆ. ಹಲ್ಲು ಕಚ್ಚಿ ಅರಚುತ್ತಾನೆ, ಮೈಮೇಲಿನ ಬಟ್ಟೆ ಪರ್ರನೆ ಹರಿಯುತ್ತದೆ. ರೈಲು ನಿಂತ ಮೇಲೆ ಪ್ರಜ್ಞೆ ತಪ್ಪಿದ ಅವನನ್ನು ಪ್ರಯಾಣಿಕರು ಒಳಗೆಳೆದುಕೊಂಡು, ತಲೆಯ ಮೇಲೆ ಕೈಯಿಂದ ಕೈಗೆ ಸಾಗಿಸಿ ಮಲಗಿಸುತ್ತಾರೆ. ಇವನಿನ್ನೂ ಹುಡುಗ, ನನ್ನ ಮಗನಷ್ಟೇ ವಯಸ್ಸು ಅನ್ನುತ್ತಾನೆ ಒಬ್ಬ. ಎಷ್ಟು ಸಲ ನೋಡಿದರೂ ಅಲ್ಲಿ ನನಗೆ ಗಂಟಲು ಕಟ್ಟುತ್ತದೆ.

ಗ್ರಾಫಿಕ್ಸ್ ಎಲ್ಲವನ್ನೂ ಕೆಡಿಸಿತು ಅನ್ನುವುದೂ ಪೂರ್ತಿ ಸರಿಯಲ್ಲ. ಆ ರೈಲಿನ ದೃಶ್ಯದಲ್ಲೂ ಬೇಕಾದಷ್ಟು ಗ್ರಾಫಿಕ್ಸ್ ಇದೆ. ಬ್ಯಾಟ್‌ಮ್ಯಾನ್ ಸಿನಿಮಾ 'ದಿ ಡಾರ್ಕ್ ನೈಟ್'ಗಾಗಿ ನಿರ್ದೇಶಕ ನೋಲನ್ ಷಿಕಾಗೋದ ಬೀದಿಯಲ್ಲಿ ನಿಜವಾದ ಟ್ರಕ್ಕನ್ನೇ ಪಲ್ಟಿ ಹೊಡೆಸಿದ್ದು ನನಗೂ ಇಷ್ಟ. ಆದರೆ ಆ ಟ್ರಕ್ಕಿನೊಳಗೆ ಖಳನಾಯಕ ಜೋಕರ್ ಇದ್ದಾನೆ, ಮುಂದೇನು ಮಾಡುತ್ತಾನೋ ಅನ್ನೋ ಭಯ ನಮಗಾಗಲೇ ಹತ್ತಿರುತ್ತದೆ, ಅದಕ್ಕೇ ಉಸಿರು ಬಿಗಿಹಿಡಿದು ನೋಡುತ್ತೇವೆ. ಈಗಿನವರು ಆಕಾಶ ಸೀಳಿ ಊರುಗಟ್ಟಲೆ ಉರುಳಿಸುತ್ತಾರೆ, ಆ ಊರಿನಲ್ಲಿದ್ದ ಒಬ್ಬರ ಮುಖವನ್ನೂ ತೋರಿಸುವುದಿಲ್ಲ.